ಅಳಿಸಿಹೋದ ಗೋಡೆಯ ನಕಲು: ತಾನಿಪೆರ್ಲಾ ಚಿತ್ರ ಬರೆಯುವವರಿಗೆ

ಮೆಕ್ಸಿಕೋದ ಚಿಯಾಪಸ್ ರಾಜ್ಯದ ತಾನಿಪೆರ್ಲಾ ಹಳ್ಳಿಯ ಭಿತ್ತಿಚಿತ್ರ ಉದ್ಘಾಟನೆಯಾದದ್ದು 1998ರ ಏಪ್ರಿಲ್ 10ರಂದು. ಮರುದಿನವೇ ಸೈನಿಕರೂ ಪೊಲೀಸರೂ ನುಗ್ಗಿ ಅದನ್ನು ಹಾಳುಗೆಡವಿದರು. ಮಾಯಾ ಮೂಲದ ತ್ಸೆಲ್ತಾಲ್ ಸಮುದಾಯದ ಹಳ್ಳಿಗರ ಕೈಯಲ್ಲಿ ಅದನ್ನು ಬರೆಸಿದ್ದ ಮೇಷ್ಟ್ರು ಸೆರ್ಹಿಯೊ ವಾಲ್ದೆಸ್ ಜೈಲು ಸೇರಿದರು. ಅದನ್ನು ಪ್ರತಿಭಟಿಸಿ ಹಲವು ದೇಶಗಳಲ್ಲಿ ಜನ ಅದೇ ಚಿತ್ರವನ್ನು ಮತ್ತೆ ಬರೆದರು. ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಲೈಟ್ಸ್ ಪುಸ್ತಕದಂಗಡಿಯ ಪಕ್ಕದ ಓಣಿಯಲ್ಲಿ ಅಂಥದ್ದೊಂದು ನಕಲು ಇದೆ. ಬೆಟ್ಟ, ನೀರು, ಮನೆಗಳು, ನಡೆದು ಹೋಗುವ ಜನ, ಮೇಲೆ ಕಾಡಿನಲ್ಲಿ ಮುಸುಕು ಹಾಕಿದ ಸಪಾತಿಸ್ತರು (ಚಿಯಾಪಸ್‌ನ ಆದಿವಾಸಿ ಬಂಡಾಯಗಾರರು), ಜೊತೆಗೆ ಮೆಕ್ಸಿಕೋ ಕ್ರಾಂತಿಯ ಕಾಲದ ನಾಯಕರಾದ ಸಪಾತಾ ಮತ್ತು ಫ್ಲೋರೆಸ್ ಮಗೋನ್: ಚಿತ್ರದಲ್ಲಿ ಮುಖ್ಯವಾಗಿ ಇರುವುದು ಇಷ್ಟು.

ಮೂಲ ಗೋಡೆ ಈಗ ಇಲ್ಲ, ಇರುವುದು ಫೋಟೊ ಮಾತ್ರ. ಹಾಗಾಗಿ ಕೆಲಸ ಶುರುವಾಗುವುದು ಫೋಟೊ ತಿದ್ದುವುದರಿಂದ. ಓರೆಯಾಗಿ ನಿಂತು ತೆಗೆದ ಫೋಟೊದಲ್ಲಿ ಒಂದು ಬದಿಯ ಮನುಷ್ಯರು ಕುಳ್ಳಗೆ, ಇನ್ನೊಂದು ಬದಿಯವರು ಎತ್ತರವಾಗಿ ಕಾಣುತ್ತಾರೆ. ಗೋಡೆಯ ನಾಲ್ಕು ಮೂಲೆ ಹಿಡಿದು ಕಂಪ್ಯೂಟರಿನಲ್ಲಿ ನೇರ ಮಾಡದೆ, ಚಿತ್ರವನ್ನು ಹಿಗ್ಗಿಸಿ ಗೋಡೆಗೆ ಇಳಿಸುವ ಚೌಕ ಹಾಕಿದರೆ ಆ ಸೊಟ್ಟವೂ ಗೋಡೆಗೆ ಏರುತ್ತದೆ. ಹಳೆಯ ಪ್ರಿಂಟುಗಳು ಕೆಂಪಿಗೋ ಹಳದಿಗೋ ತಿರುಗಿರುತ್ತವೆ. ಬಿಳಿ ಎಂದು ಖಚಿತವಾಗಿ ಗೊತ್ತಿರುವ ಜಾಗವೊಂದನ್ನು ಬಿಳಿಗೆ ತಂದರೆ ಉಳಿದ ಬಣ್ಣಗಳು ಬಹುಪಾಲು ತಾವೇ ಸರಿಹೋಗುತ್ತವೆ.

ಅಳತೆಗೆ ಒಂದು ಉದಾಹರಣೆ. ಗೋಡೆಯ ಮೇಲೆ 6 ಮೀಟರ್ ಅಗಲ, 2 ಮೀಟರ್ ಎತ್ತರದ ಜಾಗಕ್ಕೆ 25 ಸೆಂ.ಮೀ. ಚೌಕ ಹಾಕಿದರೆ 24ಕ್ಕೆ 8ರಂತೆ 192 ಚೌಕ. ಪ್ರಿಂಟನ್ನು 36ಕ್ಕೆ 12 ಸೆಂ.ಮೀ. ಮಾಡಿಕೊಂಡರೆ ಅದರ ಚೌಕ 1.5 ಸೆಂ.ಮೀ. ಫೋಟೊದ ಪ್ರಮಾಣ ಗೋಡೆಗೆ ಹೊಂದದಿದ್ದರೆ ಚಿತ್ರವನ್ನು ಎಳೆದು ಹಿಗ್ಗಿಸಬೇಡಿ. ಅಂಚಿನಲ್ಲಿ ಪಟ್ಟಿ ಬಿಡಿ. ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಹೊಡೆದು ಗೆರೆ ಮೂಡಿಸಿದ ಮೇಲೆ ಇಡೀ ಜಾಗದ ಎರಡೂ ಕರ್ಣ ಅಳೆಯಬೇಕು. ಈ ಅಳತೆಗೆ ಎರಡೂ 6.32 ಮೀಟರ್ ಬರಬೇಕು. ಎರಡರ ನಡುವೆ ಬೆರಳಗಲ ವ್ಯತ್ಯಾಸ ಬಂದರೂ ದಾರ ಮತ್ತೆ ಹೊಡೆಯುವುದೇ ಲೇಸು. ದಾರಕ್ಕೆ ಗಾಢ ನೀಲಿ ಪುಡಿ ಬೇಡ, ಹಳದಿ ಬಣ್ಣದ ಎರಡು ಕೋಟಿನ ಅಡಿಯಿಂದಲೂ ಅದು ಇಣುಕುತ್ತದೆ. ಇದ್ದಿಲ ಪುಡಿಯನ್ನು ತೆಳ್ಳಗೆ ಹಚ್ಚಿದರೆ ಸಾಕು, ಬೇಡದ ಗೆರೆಯನ್ನು ಬಟ್ಟೆಯಲ್ಲಿ ಕೊಡವಬಹುದು.

ಬಣ್ಣ ಹಕ್ಕಳೆ ಏಳುವುದು ಬಹುತೇಕ ಗೋಡೆಯ ತಪ್ಪಿನಿಂದ, ಬಣ್ಣದ ತಪ್ಪಿನಿಂದಲ್ಲ. ಹೊಸ ಗಾರೆಗೆ ಕನಿಷ್ಠ 28 ದಿನ ಬಿಡಿ, ಹಳೆ ಸುಣ್ಣ ಮತ್ತು ಡಿಸ್ಟೆಂಪರನ್ನು ಪೂರ್ತಿ ಕೆರೆದು ತೆಗೆಯಿರಿ. ತೇವ ಇದೆಯೋ ಇಲ್ಲವೋ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಒಳಬದಿಯಲ್ಲಿ ಬೆವರು ಕಂಡರೆ ಕೆಲಸ ಮುಂದೂಡಿ. ಗಡಿಬಿಡಿಯಲ್ಲಿ ಪ್ರೈಮರ್ ಹೊಡೆದರೆ ಅದರ ಅಡಿಯಿಂದ ಉಪ್ಪು ಎದ್ದು, ಪುಡಿಪುಡಿಯಾಗಿ ಬಣ್ಣವನ್ನೂ ತಳ್ಳಿಕೊಂಡು ಬರುತ್ತದೆ.

ಹೊರಗೋಡೆಗೆ ಅಕ್ರಿಲಿಕ್ ಎಮಲ್ಷನ್. 12 ಚದರ ಮೀಟರಿಗೆ ಎರಡು ಕೋಟು ತಳಬಣ್ಣಕ್ಕೆ ಎರಡೂವರೆ ಲೀಟರ್ ಇಟ್ಟುಕೊಂಡರೆ ಸಾಮಾನ್ಯವಾಗಿ ಸಾಲುತ್ತದೆ. ಈ ಚಿತ್ರದಲ್ಲಿ ಹಸಿರಿನದೇ ರಾಜ್ಯ. ಆದ್ದರಿಂದ ಪ್ರತಿ ಹಸಿರನ್ನೂ ಲೆಕ್ಕಕ್ಕಿಂತ ಕಾಲುಭಾಗ ಹೆಚ್ಚು ಕಲೆಸಿ ಡಬ್ಬಿಗೆ ಮುಚ್ಚಳ ಹಾಕಿಡಿ. ಎರಡನೇ ಸಲ ಕಲೆಸಿದ್ದು ಮೊದಲಿನದಕ್ಕೆ ಕೂಡುವುದೇ ಇಲ್ಲ. ಹಸಿಯಾಗಿದ್ದಾಗ ನೋಡಿ ತೀರ್ಮಾನ ಮಾಡಬೇಡಿ: ಅಕ್ರಿಲಿಕ್ ಒಣಗಿದಾಗ ಗಾಢವಾಗುತ್ತದೆ. ರಟ್ಟಿನ ತುಂಡಿಗೆ ಹಚ್ಚಿ, ಒಣಗಿಸಿ, ಫೋಟೊದ ಪಕ್ಕ ಹಿಡಿದು ನೋಡಿ. ಬಣ್ಣ ಗಾಢವಾಗಲಿ ಎಂದು ಬಿಳಿ ಎಮಲ್ಷನ್ನಿಗೆ ಸ್ಟೇನರ್ (ಬಣ್ಣ ಕೊಡಲು ಬೆರೆಸುವ ದ್ರವ) ಸುರಿಯುತ್ತಾ ಹೋದರೆ ಪೊರೆ ಸಡಿಲಾಗಿ, ಕೈಯಿಟ್ಟರೆ ಪುಡಿ ಅಂಟುತ್ತದೆ. ಕಡುಗೆಂಪು, ಕಡುನೀಲಿ ಬೇಕಾದಲ್ಲಿ ಆ ಬಣ್ಣದ ಅಕ್ರಿಲಿಕ್ಕನ್ನೇ ಕೊಳ್ಳಿ. ಮಣ್ಣು, ಇಟ್ಟಿಗೆ ಬಣ್ಣಗಳಿಗೆ ಐರನ್ ಆಕ್ಸೈಡ್ ಇರಲಿ, ಬಿಸಿಲಿಗೆ ಅಷ್ಟು ಸುಲಭವಾಗಿ ಮಂಕಾಗುವುದಿಲ್ಲ. ಹಸಿರಿನ ಮೇಲೆ ಹಳದಿ ಬರುವ ಕಡೆ ಮೊದಲು ಬಿಳಿ ಹಚ್ಚಿ ಒಣಗಿಸದಿದ್ದರೆ ಎಷ್ಟು ಕೋಟು ಬಳಿದರೂ ಅದು ಕೊಳಕು ಹಳದಿಯೇ.

ಆಕಾಶ, ಬೆಟ್ಟ, ನೀರು ಮೊದಲು, ಮೇಲಿನಿಂದ ಕೆಳಕ್ಕೆ. ಆಮೇಲೆ ಮನೆ, ಗಿಡ, ಜನ. ಔಟ್‌ಲೈನು, ಅಕ್ಷರ ಕೊನೆಗೆ. ಸ್ಪ್ಯಾನಿಷ್ ಅಕ್ಷರಗಳ ಮೇಲಿನ ಅಲೆಗೆರೆ, ಓರೆಗೆರೆಗಳನ್ನು ಚೌಕದ ಹಂತದಲ್ಲೇ ಗುರುತು ಹಾಕಿ. ಕೊನೆಗೆ ಹಾಕೋಣ ಎಂದು ಬಿಟ್ಟರೆ ಮರೆತೇ ಹೋಗುತ್ತದೆ.

ಕೈ ಪಳಗಿದವರೇ ಈ ಚಿತ್ರವನ್ನು ಹೆಚ್ಚು ಕೆಡಿಸುವುದು. ನಾಶವಾದ ಚಿತ್ರವನ್ನು ಮತ್ತೆ ಬರೆಯುವುದು ಮೆಕ್ಸಿಕೋದಲ್ಲಿ ಹೊಸದಲ್ಲ. ನ್ಯೂಯಾರ್ಕಿನ ರಾಕೆಫೆಲ್ಲರ್ ಸೆಂಟರಿನಲ್ಲಿ 1934ರಲ್ಲಿ ಒಡೆದುಹಾಕಿದ ತನ್ನ ಚಿತ್ರವನ್ನು ಮೆಕ್ಸಿಕೋದ ಚಿತ್ರಕಾರ ಡಿಯೆಗೊ ರಿವೇರಾ ಅದೇ ವರ್ಷ ಮೆಕ್ಸಿಕೋ ನಗರದ ಬೆಯಾಸ್ ಆರ್ತೆಸ್ ಅರಮನೆಯಲ್ಲಿ ಕಿರಿದಾಗಿ ಬರೆದ. ಅವನಿಗೆ ತನ್ನದೇ ಕೈಯ ನಕಲು. ನಮಗೆ ಬೇರೆಯವರ, ಅದೂ ಅನೇಕರ ಕೈ. ತಾನಿಪೆರ್ಲಾ ಮೂಲದಲ್ಲಿ ಒಂದು ತಲೆ ದೊಡ್ಡದು, ಇನ್ನೊಂದು ಕಾಲು ಗಿಡ್ಡ, ದೂರದ ಮನೆ ಹತ್ತಿರದ ಮನೆಯಷ್ಟೇ ದೊಡ್ಡದು. ಅದನ್ನು ತಿದ್ದಿ, ಕೆನ್ನೆಗೆ ನೆರಳು ಕೊಟ್ಟು, ಬೆಟ್ಟಕ್ಕೆ ಮಂಜು ಬಳಿದರೆ ಉಳಿಯುವುದು ಕ್ಯಾಲೆಂಡರಿನ ಹಳ್ಳಿ. ಚಪ್ಪಟೆ ಬಣ್ಣವನ್ನು ಚಪ್ಪಟೆಯಾಗಿಯೇ ತುಂಬಿ. ಮುಸುಕಿನ ಕಣ್ಣಿನ ಸೀಳು ಈ ಅಳತೆಯಲ್ಲಿ ಒಂದೆರಡು ಸೆಂ.ಮೀ. ಇರುತ್ತದೆ. 2ನೇ ನಂಬರಿನ ದುಂಡು ಬ್ರಷ್ಷಿನಲ್ಲಿ ಎರಡು ಚುಕ್ಕೆ ಇಟ್ಟು ಕೈ ತೆಗೆಯಿರಿ. ರೆಪ್ಪೆ, ಹೊಳಪು ಏನೂ ಬೇಡ.

ಹಲವರನ್ನು ಸೇರಿಸಿ ಬರೆಸುವುದಾದರೆ 6 ಮೀಟರಿಗೆ ಏಕಕಾಲಕ್ಕೆ ಎಂಟು ಜನಕ್ಕಿಂತ ಹೆಚ್ಚು ನಿಲ್ಲಿಸಬೇಡಿ, ಮೊಣಕೈ ತಾಗುತ್ತದೆ. ಬಣ್ಣ ಕಲೆಸುವವರು ಒಬ್ಬರೇ ಇರಲಿ. ಡಬ್ಬಿಗೆ ನಂಬರ್ ಬರೆದು, ಗೋಡೆಯ ಮೇಲಿನ ಆಕಾರದೊಳಗೂ ಅದೇ ನಂಬರ್ ಪೆನ್ಸಿಲಿನಲ್ಲಿ ಬರೆದರೆ ಕೇಳಿ ಕೇಳಿ ಕೆಲಸ ನಿಲ್ಲುವುದು ತಪ್ಪುತ್ತದೆ.

ಹೊತ್ತೊಯ್ಯುವ ನಕಲಿಗೆ ದಪ್ಪ ಹತ್ತಿ ಕ್ಯಾನ್ವಾಸ್. ಪ್ರೈಮರ್ ಬಿದ್ದೊಡನೆ ಅದು ಕುಗ್ಗುತ್ತದೆ. ಸುತ್ತ 5 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಪ್ರೈಮರ್ ಒಣಗಿದ ಮೇಲೆ ಚೌಕ ಹಾಕಿ. ಸುತ್ತುವಾಗ ಚಿತ್ರ ಹೊರಮುಖವಾಗಿರಲಿ, ಕೊಳವೆಯ ವ್ಯಾಸ 15 ಸೆಂ.ಮೀ.ಗಿಂತ ಸಣ್ಣದಾಗದಿರಲಿ. ಒಳಮುಖವಾಗಿ ಸುತ್ತಿದರೆ ಬಣ್ಣ ಮುದುಡಿ ಬಿರುಕು ಬಿಡುತ್ತದೆ.

ವಾರ್ನಿಷ್ ವಾರದ ನಂತರ, ತೆಳ್ಳಗೆ ಎರಡು ಕೋಟು. ಮೋಡ ಮುಸುಕಿದ ದಿನ ಹೊಡೆದರೆ ಹಾಲಿನಂತೆ ಮಬ್ಬು ಕಟ್ಟುತ್ತದೆ. ಅದಕ್ಕೆ ಮೊದಲೇ ಕೆಳ ಅಂಚಿನಲ್ಲಿ ತಾನಿಪೆರ್ಲಾ, ಚಿಯಾಪಸ್, 1998 ಎಂದೂ, ಇದು ನಕಲು ಎಂದೂ, ನಕಲು ಮಾಡಿದ ಊರು, ವರ್ಷವನ್ನೂ ಬರೆದಿರಬೇಕು. ವಾರ್ನಿಷ್ ಮೇಲೆ ಬರೆದ ಅಕ್ಷರ ಮೊದಲು ಸವೆಯುತ್ತದೆ.