ಆನೆಗೊಂದಿಯ ಶಾವಿಗೆ ಮಣೆ ಮತ್ತು ದಾಸರ ಪಾಯಸ

‘ರಾಮನಾಮ ಪಾಯಸಕ್ಕೆ ಕೃಷ್ಣನಾಮ ಸಕ್ಕರೆ’ ಎಂಬ ಪುರಂದರದಾಸರ ಪದ ಬಾರದ ಭಜನಾ ಮಂಡಳಿ ಸಿಗುವುದು ಕಷ್ಟ. ಆದರೆ ಅದರೊಳಗೆ ಶಾವಿಗೆ ಪಾಯಸದ ಪೂರ್ತಿ ಕ್ರಮವಿದೆ ಎಂಬುದು ಕಣ್ಣಿಗೆ ಬೀಳಬೇಕಾದರೆ ಬೇಸಿಗೆಯಲ್ಲಿ ತುಂಗಭದ್ರೆಯ ದಡದ, ಹಂಪಿಯ ಎದುರಿನ ಆನೆಗೊಂದಿಗೆ ಹೋಗಬೇಕು. ಗಂಗಾವತಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್. ಬಸ್ಸು, ಆಟೊ ಎರಡೂ ಇವೆ. ಅಂಜನಾದ್ರಿ ಬೆಟ್ಟದ ಮೆಟ್ಟಿಲುಗಳನ್ನು ಬಿಸಿಲೇರುವ ಮುನ್ನ ಹತ್ತಿ ಇಳಿದರೆ ಸಾಕು, ಉಳಿದ ಹೊತ್ತು ಊರಿನ ಓಣಿಗಳಿಗೆ ಇಟ್ಟುಕೊಳ್ಳಿ.

ಫಾಲ್ಗುಣ, ಚೈತ್ರದಲ್ಲಿ ಇಲ್ಲಿನ ಕಟ್ಟೆಗಳ ಮೇಲೆ ಶಾವಿಗೆ ಮಣೆ ಏರುತ್ತದೆ. ಪದದಲ್ಲಿ ಗೋಧಿ ತಂದು, ಕಲ್ಲಲ್ಲಿ ಬೀಸಿ, ಸಜ್ಜಿಗೆ, ಅಂದರೆ ರವೆ, ತೆಗೆದು, ಆಮೇಲೆ ಶಾವಿಗೆ ಹೊಸೆಯುತ್ತಾರೆ. ಕಟ್ಟೆಯ ಮೇಲಿನ ಕೆಲಸವೂ ಅದೇ ಸಾಲಿನಲ್ಲಿ ನಡೆಯುತ್ತದೆ. ಗೋಧಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಆರಿಸಿ ಬೀಸುತ್ತಾರೆ. ಒಣ ಗೋಧಿಯನ್ನೇ ಬೀಸಿದರೆ ತೌಡು ಪುಡಿಯಾಗಿ ಹಿಟ್ಟಿನಲ್ಲಿ ಸೇರಿಕೊಂಡು ಎಳೆ ತುಂಡಾಗುತ್ತದೆ. ತುಸು ಹಸಿಯಿದ್ದರೆ ತೌಡು ಹಾಳೆಹಾಳೆಯಾಗಿ ಬಿಟ್ಟು ಜರಡಿಯ ಮೇಲೆಯೇ ನಿಲ್ಲುತ್ತದೆ. ಸಣ್ಣ ರವೆಗೆ ಚಿಟಿಕೆ ಉಪ್ಪು ಹಾಕಿ, ಗಟ್ಟಿಯಾಗಿ ನಾದಿ, ಎರಡು-ಮೂರು ತಾಸು ಮುಚ್ಚಿಟ್ಟು, ಎಣ್ಣೆ ಸವರಿ ಕುಟ್ಟುತ್ತಾರೆ. ಈ ನೆನೆಸುವ ಹೊತ್ತು ಕಡಿಮೆಯಾದರೆ ಕಣಕಕ್ಕೆ ಜಿಗಿ ಬರುವುದಿಲ್ಲ.

ಮಣೆಯ ಒಂದು ತುದಿ ಎತ್ತರ, ಇನ್ನೊಂದು ತಗ್ಗು. ಮೇಲೆ ಕೂತವರ ಅಂಗೈ ಹಿಂದೆ ಮುಂದೆ ಆಡಿದಂತೆ ಕಣಕ ದಾರವಾಗಿ ಕೆಳಗಿಳಿಯುತ್ತದೆ. ಕೆಳಗೆ ನಿಂತವರು ಅದನ್ನು ಎರಡು ಬೆರಳಲ್ಲಿ ಎತ್ತಿ ಕೋಲಿನ ಮೇಲೆ ಇಳಿಬಿಡುತ್ತಾರೆ. ಗಾಳಿ ಜೋರಾದರೆ ಎಳೆ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲು ನೆರಳು, ಅರ್ಧ ಆರಿದ ಮೇಲೆ ಬಿಸಿಲು.

“ಮೈದಾ ಬೆರಸ್ತೀರೇನು ಯವ್ವಾ?” ಎಂದು ಕೇಳಿದರೆ, ಹೊಸೆಯುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

“ಅದ್ಯಾಕಪ್ಪಾ? ಮೈದಾ ಹಾಕಿದ್ರ ಎಳಿ ಬೆಳ್ಳಗ ಕಾಣ್ತಾವ. ಎಸರಿನಾಗ ಬಿದ್ದ ಮ್ಯಾಲ ಅಂಟಂಟು.”

“ಪಾಯಸದ ಪದ ಬರತೈತೇನು?”

“ಭಜನ್ಯಾಗ ಹಾಡ್ತೀವಲ್ಲ. ದಾಸ್ರಿಗೆ ಅಡಗಿ ಬರ್ತಿತ್ತು ನೋಡು. ಮೊದಲ ಎಸರು ಇಡ್ರಿ ಅಂತ ಹೇಳ್ಯಾರ. ಈಗಿನವ್ರು ತಣ್ಣೀರಾಗ ಶಾವಿಗಿ ಹಾಕಿ ಒಲಿ ಹಚ್ಚತಾರ, ಮುದ್ದಿ ಆಗ್ತೈತಿ.”

ಎಷ್ಟೋ ಸಂಗೀತ ಕಛೇರಿಗಳಲ್ಲಿ ಕೇಳಿದ ಸಾಲು ಅದು. ಹೃದಯವೆಂಬ ಮಡಕೆ, ಭಾವವೆಂಬ ಎಸರು ಎಂದಾಗ ಎಲ್ಲರ ಗಮನ ಹೃದಯ, ಭಾವಗಳ ಮೇಲೆಯೇ. ಮಡಕೆ, ಎಸರುಗಳ ಲೆಕ್ಕವೂ ಅಷ್ಟೇ ಖಚಿತ ಎಂದು ತೋರಿಸಿಕೊಟ್ಟದ್ದು ಈ ಕಟ್ಟೆ.

ನಾಲ್ವರಿಗೆ 100 ಗ್ರಾಂ ಶಾವಿಗೆ, ಒಂದು ಲೀಟರ್ ನೀರು. ಎಸರು ಮರಳಿದ ಮೇಲೆಯೇ ಶಾವಿಗೆ ಬಿಡಬೇಕು. ಎಳೆ ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿ ಇರಬಾರದು. ಕೂಡಲೇ ಬಸಿದು, ಬಿಸಿ ಇರುವಾಗಲೇ ಎರಡು ಚಮಚ ತುಪ್ಪ, 80 ಗ್ರಾಂ ಸಕ್ಕರೆ ಕಲಸಬೇಕು. ಸಕ್ಕರೆ ಮೊದಲೇ ಬಿದ್ದರೆ ನೀರನ್ನು ಅದೇ ಹಿಡಿದುಕೊಳ್ಳುತ್ತದೆ, ಶಾವಿಗೆ ಬೇಯುವುದಿಲ್ಲ. ಹಾಲು ಬೇಕಾದವರು ತಾಟಿನಲ್ಲಿ ಹಾಕಿಕೊಳ್ಳಲಿ. ಪದದ ಪಾಯಸದಲ್ಲಿ ಸಕ್ಕರೆ, ತುಪ್ಪ ಇವೆ, ಹಾಲಿನ ಮಾತಿಲ್ಲ. ರುಚಿಯೂ ಹಾಗೆಯೇ ಮೇಲು. ಹೋಟೆಲುಗಳ ಗೋಡಂಬಿ, ದ್ರಾಕ್ಷಿ, ಕಸ್ಟರ್ಡ್ ಪುಡಿಯ ಪಾಯಸದಲ್ಲಿ ಗೋಧಿಯ ಘಮ ಸತ್ತೇ ಹೋಗಿರುತ್ತದೆ.

ನದಿಯ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನದಲ್ಲಿ ದಾಸರ ಗುರು ವ್ಯಾಸರಾಯರ ವೃಂದಾವನವಿದೆ. ಆಚೆ ದಡದ ಹಂಪಿಯಲ್ಲಿ, ವಿಜಯವಿಠ್ಠಲ ದೇವಾಲಯದ ಬಳಿ, ಪುರಂದರ ಮಂಟಪ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಮಂಟಪ ಮುಳುಗುತ್ತದೆ, ದೋಣಿಗಳೂ ನಿಲ್ಲುತ್ತವೆ. ಮಳೆಗಾಲದಲ್ಲಿ ಹೋಗುವವರು ವಿಚಾರಿಸಿಕೊಂಡೇ ಹೊರಡಬೇಕು.

ಶಾವಿಗೆಯ ಕಟ್ಟು ಕೊಳ್ಳುವಾಗಲೂ ಎಚ್ಚರ. ‘ಕೈಶಾವಿಗೆ’ ಎಂದು ಯಂತ್ರದ್ದನ್ನೇ ದುಪ್ಪಟ್ಟು ದರಕ್ಕೆ ಕೊಟ್ಟ ಅಂಗಡಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಕೈಯದ್ದಾದರೆ ಎಳೆಗಳು ಒಂದೇ ದಪ್ಪ ಇರುವುದಿಲ್ಲ, ಕೋಲಿನ ಮೇಲೆ ಬಾಗಿದ ಗುರುತು ಇರುತ್ತದೆ, ಬಣ್ಣ ತುಸು ಕಂದು. ಅಚ್ಚ ಬಿಳುಪಿದ್ದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಮತ್ತೊಂದು ಬಿಸಿಲು ತೋರಿಸಿ ಡಬ್ಬಿಗೆ ತುಂಬಿ, ಇಲ್ಲವಾದರೆ ಮಳೆಗಾಲಕ್ಕೆ ಹುಳು ಬೀಳುತ್ತದೆ.