ಬೆಳಗಿನ ಶುಗರ್ ಪ್ರಾಜೆಕ್ಟ್, ಏಳನೇ ವಾರ: ಕಳ್ಳ ಸಿಕ್ಕ, ಮೈಸೂರು ಪಾಕ್ ಅಲ್ಲ

ಕೊನೆಗೂ ಇವತ್ತು ಫಾಸ್ಟಿಂಗ್, ಅಂದ್ರೆ ಬೆಳಿಗ್ಗೆ ಖಾಲಿ ಹೊಟ್ಟೆ ಶುಗರ್, 127! ನಂಬಿಕೆ ಬರ್ಲಿಲ್ಲ, ಇನ್ನೊಂದು ಸ್ಟ್ರಿಪ್ ದಂಡ ಮಾಡ್ದೆ, 131 ಅಂತು. ಒಂದೇ ಬೆರಳು, ಎರಡು ನಿಮಿಷ ಗ್ಯಾಪ್, ನಾಲ್ಕು ಪಾಯಿಂಟ್ ವ್ಯತ್ಯಾಸ. ಇರ್ಲಿ ಬಿಡಿ, 100ರ ಮೇಲೆ ಮೀಟರ್ ಶೇ. 15 ಆಚೀಚೆ ಹೋದ್ರೂ ಸ್ಟ್ಯಾಂಡರ್ಡ್ ಪ್ರಕಾರ ಪಾಸೇ.

ಚುಚ್ಚೋದು, ಬರ್ಕೊಳ್ಳೋದು, ಅನ್ನ ಕಮ್ಮಿ ಮಾಡೋದು ಎಲ್ಲ ನಿಮಗೆ ಗೊತ್ತಿರೋದೇ, ಸೀದಾ ತಲೆನೋವಿಗೆ ಬರ್ತೀನಿ. ರಾತ್ರಿ ಮಲಗೋವಾಗ 125, 130 ಇರುತ್ತೆ, ಬೆಳಿಗ್ಗೆ ಆರೂವರೆಗೆ ನೋಡಿದ್ರೆ 160, 168, ಒಂದಿನ 174. ಮಧ್ಯದಲ್ಲಿ ನೀರು ಬಿಟ್ರೆ ಬಾಯಿಗೆ ಏನೂ ಹಾಕಿಲ್ಲ ದೇವ್ರಾಣೆ. ನಮ್ಮನೆಯವಳು ಮಾತ್ರ "ರೀ, ನಿಜ ಹೇಳಿ, ಮೈಸೂರು ಪಾಕ್ ಡಬ್ಬಿ ಮುಚ್ಚಳ ನಾನು ಹಾಕಿದ್ ಹಾಗಿಲ್ಲ" ಅಂತ ದಿನಾ ಒಂದು ರೌಂಡ್ ವಿಚಾರಣೆ.

ಡಾಕ್ಟರ್ ಹತ್ರ ಹೋದ್ರೆ "ರಾತ್ರಿ ಮೂರು ಗಂಟೆಗೆ ಎದ್ದು ಒಂದಷ್ಟು ದಿನ ನೋಡಿ" ಅಂದ್ರು. ಅನುಮಾನ ಇಬ್ಬರ ಮೇಲೆ. ಒಂದು, ನಿದ್ದೇಲಿ ಶುಗರ್ ಕುಸಿದು ದೇಹ ಗಾಬರಿಯಾಗಿ ವಾಪಸ್ ಏರಿಸೋದು, 1930ರ ದಶಕದಲ್ಲಿ ಸೊಮೋಗಿ ಅನ್ನೋರು ಹೇಳಿದ್ದು, ಈಗ ಅದು ಅಷ್ಟೊಂದು ಜನಕ್ಕೆ ಆಗಲ್ಲ ಅಂತಾರೆ. ಇನ್ನೊಂದು ಡಾನ್ ಫಿನಾಮಿನನ್, ಕುಸಿಯದೇನೇ ಬೆಳಗಿನ ಜಾವ ಶುಗರ್ ತಾನಾಗೇ ಏರೋದು. ಮೂರು ಗಂಟೆಗೆ ಕಮ್ಮಿ ಇದ್ರೆ ಮೊದಲನೇದು, ಸಮ ಇದ್ದು ಆಮೇಲೆ ಏರಿದ್ರೆ ಎರಡನೇದು.

ಐದು ರಾತ್ರಿ ಅಲಾರಂ. ಮೊದಲ್ನೇ ದಿನ ಲೈಟ್ ಹಾಕಿದ್ರೆ ಬೈಗುಳ ಅಂತ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಕೊಂಡು ಕೂತ್ರೆ ಸ್ಟ್ರಿಪ್ ಮಂಚದ ಕೆಳಗೆ ಬಿತ್ತು, ಎರಡನೇದಕ್ಕೆ ರಕ್ತ ಸಾಲಲಿಲ್ಲ, ಮೀಟರ್ ಎರರ್, ಮೂರನೇದು 118. ಆಮೇಲೆ 121, 115, 124. ಒಂದಿನ ಮಾತ್ರ 146, ಅವತ್ತು ರಿಸೆಪ್ಷನ್ ಊಟ ಹತ್ತೂವರೆಗೆ, ಲೆಕ್ಕಕ್ಕಿಲ್ಲ. ಅದೇ ಬೆಳಿಗ್ಗೆಗಳಲ್ಲಿ ಆರೂವರೆಗೆ ಎಲ್ಲಾ 155ರ ಮೇಲೆ.

ಅಂದ್ರೆ ಕಳ್ಳ ಲಿವರ್ರು! ಬೆಳಗಿನ ಜಾವ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಬಂದು "ಯಜಮಾನ್ರು ಏಳೋ ಹೊತ್ತಾಯ್ತು, ಗೋಡೌನ್ ತೆಗಿ" ಅಂತವೆ, ಅದು ಮೂಟೆಗಟ್ಲೆ ಗ್ಲೂಕೋಸ್ ರಸ್ತೆಗೆ ಸುರಿಯುತ್ತೆ. ಶುಗರ್ ಇಲ್ದೋರಿಗೆ ಇನ್ಸುಲಿನ್ ಬಂದು ಎತ್ತಿಡುತ್ತೆ, ನಮ್ಮಲ್ಲಿ ಆ ಕೂಲಿಯವನು ಅರ್ಧ ದಿನ ರಜೆ.

ಮಧ್ಯೆ ಒಂದು ಎಡವಟ್ಟು. ಒಂದು ರಾತ್ರಿ ಮಲಗೋ ಮುಂಚೆ 243! ಎದೆ ಧಸಕ್ ಅಂತು. ನೋಡಿದ್ರೆ ಸೀಕರಣೆಗೆ ಅಂತ ಮಾವಿನಹಣ್ಣು ಹೆಚ್ಚಿಕೊಟ್ಟಿದ್ದೆ, ಒಂದು ಹೋಳೂ ತಿಂದಿಲ್ಲ, ಬೆರಳ ಮೇಲಿನ ರಸಾನೇ ಮೀಟರ್ ಕುಡಿದಿದೆ. ಸೋಪ್ ಹಾಕಿ ತೊಳೆದು ಒರೆಸಿ ನೋಡಿದ್ರೆ 129.

ಸ್ಟ್ರಿಪ್ ಕಥೆ ಕೇಳ್ಬೇಡಿ. ಆನ್‌ಲೈನಲ್ಲಿ ನೂರು ತರಿಸಿದ್ರೆ ಎಕ್ಸ್‌ಪೈರಿಗೆ ಆರು ವಾರ ಬಾಕಿ. ಕಂಪ್ಲೇಂಟ್ ಮಾಡಿದ್ರೆ "ಬಾಕ್ಸ್ ಫೋಟೋ ನಾಲ್ಕೂ ಕಡೆಯಿಂದ ಕಳ್ಸಿ ಸರ್" ಅಂತೆ, ಹುಡುಗಿ ನೋಡೋಕೆ ಬಂದವರ ಹಾಗೆ. ಕಳಿಸಿದೆ, ಇನ್ನೂ ಉತ್ತರ ಇಲ್ಲ.

ಆಮೇಲೆ ಒಂದೊಂದೇ ಬದಲಾಯಿಸ್ದೆ, ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದು ಕೆಲಸ ಮಾಡ್ತು ಗೊತ್ತಾಗಲ್ಲ ಅಂತ ನೀವೇ ಬೈತೀರ. ರಾತ್ರಿ ಊಟ ಒಂಬತ್ತೂಮುಕ್ಕಾಲಿಂದ ಏಳೂಮುಕ್ಕಾಲಿಗೆ ತಂದೆ, ಒಂದು ವಾರದ ಫಾಸ್ಟಿಂಗ್ ಸರಾಸರಿ 165ರಿಂದ 157. ಊಟ ಆದ್ಮೇಲೆ ಇಪ್ಪತ್ತು ನಿಮಿಷ ನಡಿಗೆ ಸೇರಿಸ್ದೆ, 149, ಅದರಲ್ಲಿ ಬೀದಿನಾಯಿಗಳು ಓಡಿಸಿದ ಪಾಲೆಷ್ಟೋ ಗೊತ್ತಿಲ್ಲ. ಅಲ್ಲಿಗೆ ನಿಂತೋಯ್ತು, ಎರಡು ವಾರ ಅಲ್ಲಾಡ್ಲಿಲ್ಲ. ಕೊನೆಗೆ ರೀಡಿಂಗ್ ಬರ್ದಿಟ್ಟ ಪುಸ್ತಕ ತಗೊಂಡು ಹೋದೆ. ಡಾಕ್ಟರ್ ಮೂರು ಗಂಟೆ ಲೆಕ್ಕ ನೋಡಿ, ಬೆಳಿಗ್ಗೆ ತಗೋತಿದ್ದ ಮೆಟ್‌ಫಾರ್ಮಿನ್ ಎಸ್ಆರ್‌ನ (ನಿಧಾನಕ್ಕೆ ಕರಗೋ ಶುಗರ್ ಮಾತ್ರೆ) ರಾತ್ರಿ ಊಟದ ಜೊತೆಗೆ ಹಾಕಿದ್ರು, ಅದು ಮುಖ್ಯವಾಗಿ ಆ ಗೋಡೌನ್ ಬಾಗಿಲನ್ನೇ ಹಿಡಿಯೋ ಮಾತ್ರೆ ಅಲ್ವಾ. ಹತ್ತು ದಿನದಲ್ಲಿ 138, 133, ಇವತ್ತು 127. ಇನ್ಸುಲಿನ್, ಇಲ್ಲಾ ಇನ್ಸುಲಿನ್ ಹೆಚ್ಚಿಸೋ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳೋರು ಇದನ್ನ ಓದಿ ರಾತ್ರಿ ಡೋಸ್ ಮೇಲೆ ಸ್ವಂತ ಬುದ್ಧಿ ಓಡಿಸ್ಬೇಡಿ ಮಾರಾಯ್ರೇ, ನಿದ್ದೇಲಿ ಶುಗರ್ ಲೋ ಆದ್ರೆ ಕಷ್ಟ.

ಮುಂದಿನದು ತೋಳಿಗೆ ಅಂಟಿಸಿ ಶುಗರ್ ಬಿಡದೆ ನೋಡೋ ಸೆನ್ಸರ್, ಹದಿನಾಲ್ಕು ದಿನದ್ದು. ಮುದ್ದೆ, ಅನ್ನ, ಚಪಾತಿ ಮೂರಕ್ಕೂ ಒಂದೇ ಸೊಪ್ಪಿನ ಸಾರು ಹಾಕಿ ಕುಸ್ತಿ ಬಿಡೋ ಪ್ಲಾನ್, ಮುದ್ದೆ ಅಂದ್ರೆ ಶುಗರ್ ಏರಲ್ಲ ಅನ್ನೋ ನಮ್ಮ ಮಾವನವರಿಗೆ ಗ್ರಾಫ್ ತೋರಿಸ್ಬೇಕು. ಆ ಕೈ ಮೇಲೇ ಒತ್ತಿ ಮಲಗಿದ್ರೆ ಸುಳ್ಳು ಲೋ ತೋರಿಸುತ್ತಂತೆ, ನಾನೋ ಎಡಮಗ್ಗುಲವನು, ಬಲಗೈಗೆ ಹಾಕ್ತೀನಿ.

ಅಂದಹಾಗೆ ಡಬ್ಬಿ ಕೇಸೂ ಮುಗೀತು. ಮೂರು ಗಂಟೆಗೆ ಅಲಾರಂ ಹೊಡೆದು ನಾನು ಎದ್ದೆನಲ್ಲ, ಅಡುಗೆಮನೇಲಿ ಮಗ ಸಿಕ್ಕಿಬಿದ್ದ.