ಮಂಗಳವಾರದ ಪಟ್ಟಿ, ವಾರವಿಡೀ ಜಗಳ

ಓಹಾಯೋದ ಕೊಲಂಬಸ್‌ನಲ್ಲಿ ಇರುವವರಿಗೆ ನವೆಂಬರ್‌ನಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ: ಈ ವಾರ ನಾವು ಎಷ್ಟನೇ ನಂಬರ್? ಆಫೀಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಇದೇ ಮಾತು. 'ನಾವು' ಎಂದರೆ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ. ಆ ಕಾಲೇಜಿನ ಮೆಟ್ಟಿಲು ಹತ್ತದವರೂ 'ನಾವು' ಎಂದೇ ಹೇಳುವುದು. ನಾನೂ ಅಷ್ಟೇ.

ಇದು ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು. ನೋಡಲು ಬರುವವರು ಮಾತ್ರ ಒಂದು ಲಕ್ಷಕ್ಕೂ ಜಾಸ್ತಿ. ಇಲ್ಲಿನ ಸ್ಟೇಡಿಯಂ ಅಷ್ಟು ದೊಡ್ಡದು, ಅಷ್ಟೂ ತುಂಬುತ್ತದೆ.

ನಮ್ಮ ರಣಜಿಯಲ್ಲಿ ಪೂರ್ತಿ ಗೆದ್ದರೆ 6 ಅಂಕ, ಡ್ರಾ ಆದರೂ ಮೊದಲ ಇನಿಂಗ್ಸ್ ಲೀಡ್ ಇದ್ದರೆ 3. ಕರ್ನಾಟಕ ಮುಂದಕ್ಕೆ ಹೋಗುತ್ತದೋ ಇಲ್ಲವೋ, ಕೂಡಿ ಕಳೆದರೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. 2025ರಲ್ಲಿ ಮೇಲಿನ ದರ್ಜೆಯಲ್ಲೇ 136 ಕಾಲೇಜು ತಂಡಗಳಿದ್ದವು. ಸೀಸನ್‌ನಲ್ಲಿ ಒಂದು ತಂಡ ಆಡುವುದು 12 ಪಂದ್ಯ. ಹತ್ತರಲ್ಲಿ ಒಂಬತ್ತು ಪಾಲು ತಂಡಗಳ ಮುಖವನ್ನೇ ಅದು ನೋಡುವುದಿಲ್ಲ. ಹಾಗಾದರೆ ಯಾರು ಮೇಲು, ಯಾರು ಕೆಳಗೆ? ಯಾರಾದರೂ ಕೂತು ಹೇಳಬೇಕು.

ಹೇಳುವವರು ಎರಡು ಗುಂಪು. ಮೊದಲನೆಯದು ಪತ್ರಕರ್ತರದ್ದು. ಅಸೋಸಿಯೇಟೆಡ್ ಪ್ರೆಸ್ 1936ರಿಂದ ಈ ಮತದಾನ ನಡೆಸುತ್ತಿದೆ. ಅರವತ್ತು ಚಿಲ್ಲರೆ ಕ್ರೀಡಾ ಪತ್ರಕರ್ತರು ತಲಾ 25 ತಂಡಗಳ ಪಟ್ಟಿ ಕೊಡುತ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಕೊನೆಯದಕ್ಕೆ 1. ಭಾನುವಾರ ಮಧ್ಯಾಹ್ನ ಪಟ್ಟಿ ಹೊರಗೆ. ಯಾರು ಯಾರಿಗೆ ಮತ ಹಾಕಿದರು ಅನ್ನುವುದೂ ಬಹಿರಂಗ. ಆಮೇಲೆ ಆ ಪತ್ರಕರ್ತರ ಪಾಡು ದೇವರಿಗೇ ಪ್ರೀತಿ.

ನನ್ನ ತಕರಾರು ಇರುವುದು ಆಗಸ್ಟ್‌ನ ಪಟ್ಟಿಯ ಮೇಲೆ. ಒಂದು ಪಂದ್ಯವೂ ಆಗದೆ ಬರುವ ಪಟ್ಟಿ ಅದು. 2025ರಲ್ಲಿ ಟೆಕ್ಸಸ್ ಮೊದಲ ನಂಬರ್, ಪೆನ್ ಸ್ಟೇಟ್ ಎರಡು. ಮೊದಲ ಪಂದ್ಯದಲ್ಲೇ ನಾವು ಟೆಕ್ಸಸನ್ನು 14-7ರಿಂದ ಸೋಲಿಸಿದೆವು. ಅವರು ಕೊನೆಗೆ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತಾದ ಪ್ಲೇಆಫ್‌ಗೂ ಬರಲಿಲ್ಲ. ಪೆನ್ ಸ್ಟೇಟ್ ಕಥೆ ಇನ್ನೂ ಚೆನ್ನಾಗಿದೆ. ಅವರು 3ನೇ ನಂಬರ್‌ನಲ್ಲಿದ್ದಾಗ ಒರೆಗಾನ್ ಎರಡು ಓವರ್‌ಟೈಮ್ ಆಡಿ ಗೆದ್ದಿತು. ಭಾರೀ ಗೆಲುವು ಎಂದು ಒರೆಗಾನ್ 2ಕ್ಕೆ ಏರಿತು. ಮರುವಾರವೇ ಪೆನ್ ಸ್ಟೇಟ್, ಅಲ್ಲಿಯವರೆಗೆ ಒಂದೂ ಗೆಲ್ಲದಿದ್ದ ಯುಸಿಎಲ್‌ಎ ಮುಂದೆ ಸೋತಿತು. ಅದರ ಮುಂದಿನ ವಾರ ಇನ್ನೊಂದು ಸೋಲು, ಕೋಚ್ ಮನೆಗೆ. ಹಾಗಾದರೆ ಒರೆಗಾನ್ ಸೋಲಿಸಿದ್ದು ಯಾರನ್ನು? ಆಗಸ್ಟ್‌ನಲ್ಲಿ ಸುಮ್ನೆ ಬರೆದ ಒಂದು ನಂಬರನ್ನು. ಅದೇ ಪಟ್ಟಿಯಲ್ಲಿ 20ನೇ ಸ್ಥಾನದಲ್ಲಿದ್ದ ಇಂಡಿಯಾನಾ ಕೊನೆಗೆ 16ಕ್ಕೆ 16 ಗೆದ್ದು ಚಾಂಪಿಯನ್ ಆಯಿತು! ಅಕ್ಟೋಬರ್‌ವರೆಗೆ ಪಟ್ಟಿಯೇ ಬೇಡ ಅನ್ನುವುದು ನನ್ನ ವಾದ. ಆಫೀಸಿನಲ್ಲಿ ಯಾರೂ ಒಪ್ಪುವುದಿಲ್ಲ. ಎರಡು ತಿಂಗಳು ಏನು ಮಾತಾಡುವುದು ಅಂತ ಕೇಳುತ್ತಾರೆ.

ಎರಡನೆಯ ಗುಂಪೇ ನಿಜವಾದ ಯಜಮಾನರು. ಪ್ಲೇಆಫ್‌ಗೆ ತಂಡ ಆರಿಸುವ 13 ಜನರ ಸಮಿತಿ. ಟೆಕ್ಸಸ್‌ನ ಒಂದು ಹೋಟೆಲಿನಲ್ಲಿ ಸೇರುತ್ತಾರೆ. ತಮ್ಮ ಕಾಲೇಜಿನ ಮಾತು ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ನವೆಂಬರ್‌ನಿಂದ ಮಂಗಳವಾರ ಸಂಜೆ ಇವರ ಪಟ್ಟಿ ಟಿವಿಯಲ್ಲಿ ಬರುತ್ತದೆ, ಕೊನೆಯದು ಮಾತ್ರ ಡಿಸೆಂಬರ್‌ನ ಒಂದು ಭಾನುವಾರ.

2023ರಲ್ಲಿ ಪ್ಲೇಆಫ್‌ಗೆ ನಾಲ್ಕೇ ತಂಡ. ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತ್ತು. ಆದರೂ ಹೊರಗಿಟ್ಟರು. ಒಂದು ಪಂದ್ಯ ಸೋತಿದ್ದ ಅಲಬಾಮಾ ಒಳಗೆ. ಮೈಸೂರಿನಲ್ಲಿರುವ ನಮ್ಮ ಭಾವನಿಗೆ ಫೋನಿನಲ್ಲಿ ಇದನ್ನು ಹೇಳಿದೆ.

"ಅಲ್ಲ ಕಣೋ, ಒಂದೂ ಸೋತಿಲ್ಲ ಅಂತೀಯ. ಮತ್ತೆ ಯಾಕೆ ಬಿಟ್ರು?"

"ಅವರ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು, ಕಾಲು ಮುರ್ಕೊಂಡ ಭಾವ. ಅವನಿಲ್ಲದೆ ಮೊದಲಿನ ತಂಡ ಅಲ್ಲವಂತೆ."

"ಅವನಿಲ್ಲದೆ ಆಡಿದ್ದು ಸೋತ್ರಾ?"

"ಇಲ್ಲ, ಗೆದ್ರು."

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾವಿನ ಗಿಡದ ವಿಷಯ ತೆಗೆದರು.

ಸಮಿತಿಯ ಪರ ವಾದಿಸುವವರು ಮುಂದಿನದ್ದನ್ನು ತೋರಿಸುತ್ತಾರೆ. ಫ್ಲೋರಿಡಾ ಸ್ಟೇಟ್ ಆಮೇಲೆ, ಆ ವರ್ಷ ಪ್ಲೇಆಫ್‌ಗೆ ಸೇರದ ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಎದುರು 63-3ರಿಂದ ಸೋತಿತು. ಆದರೆ ಆ ಹೊತ್ತಿಗೆ ಎಷ್ಟೋ ಹುಡುಗರು ಮನಸ್ಸು ಮುರಿದು ಆಡುವುದೇ ಬೇಡ ಅಂದಿದ್ದರು. ಅದನ್ನು ಸಾಕ್ಷಿ ಎಂದು ಎತ್ತುವುದು ನನಗೆ ಸರಿ ಕಾಣುವುದಿಲ್ಲ.

2024ರಿಂದ 12 ತಂಡ. ಇದರಿಂದ ಲಾಭ ಆದದ್ದು ನಮಗೇ. ಆ ವರ್ಷ ನವೆಂಬರ್ ಕೊನೆಯ ಶನಿವಾರ, ಅಷ್ಟರಲ್ಲೇ ಐದು ಪಂದ್ಯ ಸೋತಿದ್ದ ಮಿಷಿಗನ್ ನಮ್ಮೂರಿಗೇ ಬಂದು 13-10ರಿಂದ ಗೆದ್ದು ಹೋಯಿತು. ಮಿಷಿಗನ್ ಅಂದರೆ ಇಲ್ಲಿ ಎಂಥ ವೈರ ಗೊತ್ತಾ? ಆ ವಾರ ಕ್ಯಾಂಪಸ್‌ನ ಬೋರ್ಡುಗಳಲ್ಲಿ ಇರುವ 'ಎಂ' ಅಕ್ಷರದ ಮೇಲೆಲ್ಲ ಕೆಂಪು ಟೇಪು ಅಂಟಿಸುತ್ತಾರೆ. ನಮ್ಮ ಕನ್ನಡದವರೂ ರಾಜ್ಯೋತ್ಸವದ ದಿನ ಗೊತ್ತುಮಾಡುವಾಗ ಮೊದಲು ನೋಡುವುದು ಆ ಪಂದ್ಯ ಯಾವತ್ತು ಅಂತ. ಇಲ್ಲದಿದ್ದರೆ ಡೊಳ್ಳು ಬಾರಿಸುವವರೇ ಸಿಗುವುದಿಲ್ಲ. ಆ ಸೋಲಿನ ರಾತ್ರಿ ಕೋಚ್ ರಯಾನ್ ಡೇಯನ್ನು ಓಡಿಸಿ ಎನ್ನದವರಿಲ್ಲ. ಸಮಿತಿಯ ಪಟ್ಟಿಯಲ್ಲಿ ನಾವು 6ಕ್ಕೆ ಇಳಿದೆವು. ನಾಲ್ಕೇ ತಂಡದ ಕಾಲವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಳಗೆ ಹೋದೆವು, ಟೆನೆಸ್ಸಿ, ಒರೆಗಾನ್, ಟೆಕ್ಸಸ್, ನಾಟರ್‌ಡೇಮ್ ನಾಲ್ಕನ್ನೂ ಸೋಲಿಸಿ ಕಪ್ ತಂದೆವು. ಓಡಿಸಿ ಎಂದವರೇ ಜನವರಿಯಲ್ಲಿ ಡೇ ಫೋಟೊ ಹಾಕಿಕೊಂಡಿದ್ದರು.

12 ಆದರೂ ಜಗಳ ತೀರಲಿಲ್ಲ, ಕೆಳಕ್ಕೆ ಇಳಿಯಿತು ಅಷ್ಟೇ. 2025ರಲ್ಲಿ ನಾಟರ್‌ಡೇಮ್, ಮಯಾಮಿ ಎರಡೂ 10 ಗೆದ್ದು 2 ಸೋತಿದ್ದವು. ಮೊದಲ ವಾರವೇ ಮಯಾಮಿ ನಾಟರ್‌ಡೇಮನ್ನು 27-24ರಿಂದ ಸೋಲಿಸಿತ್ತು. ಆದರೂ ಸಮಿತಿ ವಾರಗಟ್ಟಲೆ ನಾಟರ್‌ಡೇಮನ್ನೇ ಮೇಲಿಟ್ಟಿತ್ತು. ಕೊನೆಯ ವಾರ ಎರಡೂ ತಂಡ ಆಡಲೇ ಇಲ್ಲ, ಮನೆಯಲ್ಲಿ ಕೂತಿದ್ದವು. ಭಾನುವಾರ ನೋಡಿದರೆ ಮಯಾಮಿ ಒಳಗೆ, ನಾಟರ್‌ಡೇಮ್ ಹೊರಗೆ! ಅದೇ ವಾರ ಅಲಬಾಮಾ 28-7ರಿಂದ ಸೋತರೂ 9ನೇ ಸ್ಥಾನದಿಂದ ಅಲ್ಲಾಡಲಿಲ್ಲ. ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ) 34-7ರಿಂದ ಸೋತು ಒಂದು ಮೆಟ್ಟಿಲು ಇಳಿಯಿತು. ನನ್ನ ಪ್ರಕಾರ ಮಯಾಮಿಯನ್ನು ತೆಗೆದುಕೊಂಡದ್ದು ಸರಿ. ಆಡಿ ಗೆದ್ದವರೇ ಮೇಲಿರಬೇಕು, ಅಲ್ವಾ? ಆದರೆ ಅದನ್ನು ನವೆಂಬರ್‌ನ ಮೊದಲ ಮಂಗಳವಾರವೇ ಹೇಳಬಹುದಿತ್ತು. ಅದೇ ಮಯಾಮಿ ಡಿಸೆಂಬರ್ 31ಕ್ಕೆ ನಮ್ಮನ್ನೇ 24-14ರಿಂದ ಮನೆಗೆ ಕಳಿಸಿ ಫೈನಲ್‌ವರೆಗೂ ಹೋಯಿತು, ಅದು ಬೇರೆ ಮಾತು.

ಈಗ 16 ಮಾಡೋಣ, 24 ಮಾಡೋಣ ಎನ್ನುವ ಮಾತು ನಡೆದಿದೆ. ಮಾಡಲಿ, 17ನೆಯವರೂ 25ನೆಯವರೂ ಬಾಯಿ ಬಡಿದುಕೊಳ್ಳಲು ತಯಾರಾಗಿಯೇ ಇರುತ್ತಾರೆ. ಕರ್ನಾಟಕದಲ್ಲಿದ್ದುಕೊಂಡೇ ಇದನ್ನು ನೋಡಬೇಕು ಎನ್ನುವವರಿಗೆ ನವೆಂಬರ್‌ನಲ್ಲಿ ಬುಧವಾರ ಬೆಳಗಿನ ಕಾಫಿ ಹೊತ್ತಿಗೆ ಸಮಿತಿಯ ಪಟ್ಟಿ ಸಿಗುತ್ತದೆ. ಮೊದಲ ನಂಬರ್ ಬಿಟ್ಟು ನೇರ ಹತ್ತರಿಂದ ಹದಿಮೂರಕ್ಕೆ ಹೋಗಿ. ಕಿತ್ತಾಟ ಇರುವುದು ಅಲ್ಲೇ.